ಹತ್ತನೇ ನಂಬರಿನ ಚಪ್ಪಲಿ

ಭದ್ರಾವತಿ,
9-3-2023

ಪರಮೇಶ್ ಅವರಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬೇಕು. ನಿಮಗಾಗಿ ಇನ್ನೊಂದು ಹಾಳೆ ಹಾಳುಮಾಡಲು ಮನಸ್ಸಾಗಲಿಲ್ಲ.

ಹೆದರಬೇಡಿ, ವಾಪಸ್ ಕರೆದುಕೊಳ್ಳಿ ಎಂದು ಕೇಳುತ್ತಿಲ್ಲ. ದುರ್ಗಿಗುಡಿಯ ಮನೆಯಿಂದ ನನ್ನನ್ನು ಯಾಕೆ ಓಡಿಸಿದಿರಿ, ನೆನಪಿದೆಯೇ? ಬಸುರಿಯಾಗದ ನನ್ನ ಎದೆಯಲ್ಲಿ ಹಾಲು ಬಂತು. ರವಿಕೆ ಒದ್ದೆಯಾದದ್ದನ್ನು ನಿಮ್ಮ ತಾಯಿ ನೋಡಿದರು. “ಯಾರಿಗೆ ಹೆತ್ತು ಎಲ್ಲಿ ಬಿಸಾಕಿ ಬಂದ್ಯೇ?” ಎಂದರು. ಎಂಟು ವರ್ಷ ಪಕ್ಕದಲ್ಲೇ ಮಲಗಿದ ನೀವು, ನನ್ನ ಹೊಟ್ಟೆ ಒಂದು ದಿನವೂ ದೊಡ್ಡದಾಗಿದ್ದನ್ನು ಕಾಣದ ನೀವು, ತಲೆ ತಗ್ಗಿಸಿಕೊಂಡು ನನ್ನ ಬಟ್ಟೆಯನ್ನು ಚೀಲಕ್ಕೆ ತುಂಬಿದಿರಿ. ಥೂ!

ಇಲ್ಲಿ ಡಾಕ್ಟರ್ ಮೇಧಾ ಮೊದಲು ಕೇಳಿದ್ದೇ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು. ಎದೆಯುರಿ, ವಾಕರಿಕೆಗೆಂದು ನೀವೇ ಸವಳಂಗ ರಸ್ತೆಯ ನಿಮ್ಮ ಮೆಡಿಕಲ್ ಶಾಪಿನಿಂದ ತಂದು ಆರು ತಿಂಗಳು ನುಂಗಿಸಿದ ಮಾತ್ರೆ. ಅದು ಹಾಲಿನ ಹಾರ್ಮೋನನ್ನು ಏರಿಸುತ್ತದಂತೆ. ಬಿಟ್ಟೆ, ತಿಂಗಳೊಳಗೆ ಹಾಲೂ ನಿಂತಿತು. ಅರ್ಧ ಬೀದಿ ನಿಮ್ಮನ್ನು ಡಾಕ್ಟ್ರೇ ಎಂದು ಕರೆಯುತ್ತದಲ್ಲ, ಇಷ್ಟೂ ಗೊತ್ತಿರಲಿಲ್ಲವೇ ಮಾರಾಯ್ರೆ?

ಹಾರ್ಮೋನು ರಕ್ತದಲ್ಲಿ ಮೈಯೆಲ್ಲ ಸುತ್ತಿದರೂ ತನ್ನನ್ನು ಗುರುತಿಸುವ ಜೀವಕೋಶದ ಹತ್ತಿರ ಮಾತ್ರ ಕೆಲಸ ಮಾಡುತ್ತದಂತೆ. ಪೋಸ್ಟ್‌ಮ್ಯಾನ್ ಬೀದಿ ಪೂರ್ತಿ ನಡೆದರೂ ಕಾಗದವನ್ನು ವಿಳಾಸದ ಮನೆಗೇ ಹಾಕುವ ಹಾಗೆ. ಹಾಲಿನದು ಎದೆಗೆ, ಬೆಳವಣಿಗೆಯದು ಮೂಳೆಗೆ.

ಈ ಮೂಳೆಯ ವಿಷಯಕ್ಕೇ ಬರೆಯುತ್ತಿದ್ದೇನೆ. ಹೋದ ತಿಂಗಳು ನಮ್ಮ ಡೈವೋರ್ಸ್ ಕೇಸಿಗೆ ಬಂದಾಗ ಕೋರ್ಟಿನಲ್ಲಿ ನಿಮ್ಮ ಪಾದ ನೋಡಿದೆ. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವವಳ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಮದುವೆಯಲ್ಲಿ ನಿಮ್ಮದು ಎಂಟನೇ ನಂಬರು. ಈಗ ಹತ್ತು ಹಾಕಿದರೂ ಹಿಮ್ಮಡಿ ಹೊರಗಿದೆ. ಉಂಗುರ ಬೆರಳಿನಲ್ಲಿ ಹೂತಿದೆ, ದವಡೆ ಮುಂದೆ ಬಂದಿದೆ. ಡಾಕ್ಟರಿಗೆ ನಿಮ್ಮ ಹಳೆಯ, ಹೊಸ ಫೋಟೊ ಎರಡನ್ನೂ ತೋರಿಸಿದೆ. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಗ್ರಂಥಿಯಲ್ಲಿ ಗಡ್ಡೆ ಇರಬಹುದು, ಅದು ಬೆಳವಣಿಗೆಯ ಹಾರ್ಮೋನನ್ನು ಸುರಿಯುತ್ತಿರಬಹುದು, ಈ ವಯಸ್ಸಿಗೆ ಮೂಳೆ ಉದ್ದವಾಗಲಾರದೆ ದಪ್ಪವಾಗುತ್ತದೆ ಎಂದರು. ಗಡ್ಡೆ ದೊಡ್ಡದಾದರೆ ಕಣ್ಣಿನ ನರವನ್ನು ಒತ್ತುತ್ತದೆ. ಬೇಗ ತೋರಿಸಿದರೆ ಕಣ್ಣು ಉಳಿಯುತ್ತದೆ.

ತಡಮಾಡಬೇಡಿ, ನಾಳೆಯೇ ಸ್ಕ್ಯಾನ್ ಮಾಡಿಸಿ. ನಿಮ್ಮ ಮೇಲೆ ಇನ್ನೂ ಕನಿಕರ ಉಳಿದಿದೆಯಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ.

ಇಂತಿ,
ಧನಲಕ್ಷ್ಮಿ

ತಾ.ಕ. (21-8-2025): ಮೇಲಿನ ತಾರೀಖು ತಪ್ಪಲ್ಲ. ಅಂದು ಈ ಕಾಗದ ಹಿಡಿದು ಪೋಸ್ಟ್ ಆಫೀಸಿಗೆ ಹೊರಟಿದ್ದೆ. ಅಷ್ಟರಲ್ಲಿ ಕೋರ್ಟಿಗೆ ನೀವು ಕೊಟ್ಟ ಅಫಿಡವಿಟ್ಟಿನ ಪ್ರತಿ ಬಂತು. ಹಾಲಿನ ವಿಷಯ ಬರೆದು, ಯಾವನಿಗೋ ಹೆತ್ತು ಬಂದವಳು ಎಂದು ಪ್ರಮಾಣ ಮಾಡಿ ರುಜು ಹಾಕಿದ್ದಿರಿ. ಕಾಗದವನ್ನು ಸೀರೆಗಳ ಕೆಳಗಿಟ್ಟೆ. ಆಮೇಲೆ ಪ್ರತಿ ವಾಯಿದೆಗೂ ನಿಮ್ಮ ಕಾಲು ನೋಡುತ್ತಿದ್ದೆ. ಹನ್ನೊಂದನೇ ನಂಬರಿಗೆ ಬಂತು. ಆಮೇಲೆ ನೀವು ಪಕ್ಕದ್ದು ಕಾಣದೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದಿರಿ. ಸುಮ್ಮನಿದ್ದೆ. ಮೊನ್ನೆ ನಿಮ್ಮ ತಮ್ಮ ವಸಂತ್ ಸಿಕ್ಕಿದ್ದ. ಆಪರೇಷನ್ ಆಯ್ತು ಅತ್ತಿಗೆ, ಕಣ್ಣು ಮಾತ್ರ ವಾಪಸ್ ಬರ್ಲಿಲ್ಲ ಎಂದ. ಅದಕ್ಕೇ ಈಗ ಕಳಿಸುತ್ತಿದ್ದೇನೆ. ನಿಮ್ಮ ತಾಯಿಯ ಕೈಲಿ ಓದಿಸಿಕೊಳ್ಳಿ.