ಅಲುಗಿದ್ದು ಉಳಿಯಲಿಲ್ಲ

ಮಾರ್ಚ್ ೪
ಮತ್ತೆ ಅದೇ ಗೋಳು. ರಿಸೆಪ್ಷನ್ ಹಾಲಿನಲ್ಲಿ ಮಂದ ದೀಪ, ಫ್ಲ್ಯಾಶ್ ಬೇಡವೆಂದ ಮದುಮಗಳು, ಕತ್ತಲಲ್ಲೂ ಬೆಳಕು ಹಿಡಿಯಲೆಂದು ಕ್ಯಾಮೆರಾದ ಐಎಸ್‌ಒ ಏರಿಸಿಟ್ಟು ಕ್ಲಿಕ್ಕಿಸಿದ ನಮ್ಮ ಫೋಟೋಗ್ರಾಫರ್ ಮಹಾಶಯ. ಎಲ್ಲರ ಮುಖದ ಮೇಲೂ ರವೆ ಚೆಲ್ಲಿದಂತೆ ಚುಕ್ಕಿ. ಕಂಪ್ಯೂಟರಿನಲ್ಲಿ ಅದನ್ನು ಒರೆಸುವ ಕರ್ಮ ನನ್ನದು. ಜಾಸ್ತಿ ಒರೆಸಿದರೆ ಮೇಣದ ಗೊಂಬೆ. ಸ್ಟುಡಿಯೋ ಯಜಮಾನರಿಗೆ ಮೇಣವೇ ಇಷ್ಟ — "ನೈಸಾಗಿರ್ಲಿ ಬಿಡಿ."

ಮಾರ್ಚ್ ೯
ತಂಗಿಗೆ ಹೆಣ್ಣು ಮಗು. ತಿಂಗಳು ತುಂಬುವ ಮೊದಲೇ. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಒಳಗೆ ಭಾವನನ್ನು ಮಾತ್ರ ಬಿಟ್ಟರು. ಹೊರಗೆ ಬಂದವನು, "ಕೈ ಆಡಿಸ್ತಾಳೆ, ಟಾಟಾ ಮಾಡ್ದಂಗೆ" ಎಂದ. ನಕ್ಕ. ಅತ್ತ.

ಮಾರ್ಚ್ ೧೧
ಮಗು ಹೋಯಿತು.

ಮಾರ್ಚ್ ೨೭
ತಂಗಿ ಸ್ಟುಡಿಯೋಗೇ ಬಂದಳು. ಕೂರು ಎಂದರೆ ಕೂರಲಿಲ್ಲ. ಭಾವನ ಫೋನ್ ಮುಂದಿಟ್ಟಳು. ಅವತ್ತು ಒಳಗೆ ಹೋದಾಗ ಅವನು ಬಟನ್ ಒತ್ತಿ ಹಿಡಿದು ಒಂದೇ ಸಮ ತೆಗೆದ ಮಗುವಿನ ಸಾಲು ಫೋಟೋಗಳು. ಮಕ್ಕಳ ಕಣ್ಣು ಕುಕ್ಕಬಾರದೆಂದು ಬೆಳಕು ಇಳಿಸಿದ ಕೋಣೆ. ಬರೀ ಕಪ್ಪು, ಮೇಲೆ ಕೆಂಪು ಹಸಿರು ಚುಕ್ಕಿ.
"ಅಣ್ಣಾ, ಜೀವ ಇದ್ದಾಗ ನಾನು ನೋಡ್ಲೇ ಇಲ್ವಲ್ಲ. ಆಪರೇಷನ್ ಆಗಿ ಮಲಗಿದ್ದೆ. ಒಂದಾದ್ರೂ ಚೆನ್ನಾಗಿ ಕಾಣೋ ಹಂಗೆ ಮಾಡ್ಕೊಡು."
"ಆಯ್ತು ಬಿಡು." ಫೋಟೋಗಳನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಂಡೆ.

ಮಾರ್ಚ್ ೨೯
ಒಂದೇ ಫೋಟೋ ಒರೆಸಿದರೆ ಮೂಗೇ ಕರಗುತ್ತದೆ. ಅದಕ್ಕೇ ಎಲ್ಲವನ್ನೂ ಮುಖಕ್ಕೆ ಮುಖ ಹೊಂದಿಸಿ ಒಂದರ ಮೇಲೊಂದು ಕೂರಿಸಿದೆ. ಚುಕ್ಕಿ ಒಂದೊಂದರಲ್ಲಿ ಒಂದೊಂದು ಕಡೆ — ಅದು ಅಳಿಯುತ್ತದೆ. ಎಲ್ಲದರಲ್ಲೂ ಒಂದೇ ಜಾಗದಲ್ಲಿರುವುದು ಉಳಿಯುತ್ತದೆ.
ಅಬ್ಬಾ! ಹುಬ್ಬು ಬಂತು. ತುಟಿ ಬಂತು. ನಮ್ಮಮ್ಮನದೇ ಗಲ್ಲ! ಯಜಮಾನರೂ ಬಂದು ನೋಡಿದರು. "ಒಳ್ಳೇ ಪೇಪರ್‌ನಲ್ಲೇ ಪ್ರಿಂಟ್ ಹಾಕಿ" ಎಂದರು.

ಮಾರ್ಚ್ ೩೦
ಕೊಟ್ಟೆ. ತುಂಬಾ ಹೊತ್ತು ನೋಡಿದಳು. ಕೆನ್ನೆ ಸವರಿದಳು. ಆಮೇಲೆ —
"ಕೈ ಎಲ್ಲಣ್ಣಾ?"
ಬಲಗೈ ಮೊಣಕೈವರೆಗೆ ಇದೆ. ಮುಂದೆ ಬರೀ ಬಿಳಿ ಬಟ್ಟೆ. ನುಣ್ಣಗೆ. ಒಂದೊಂದು ಫೋಟೋದಲ್ಲಿ ಒಂದೊಂದು ಕಡೆ ಇದ್ದ, ಆಡಿಸಿದ ಕೈಯನ್ನೂ ಚುಕ್ಕಿಯ ಲೆಕ್ಕಕ್ಕೇ ಸೇರಿಸಿ ಅಳಿಸಿಬಿಟ್ಟಿದ್ದೇನೆ. ಮುಖ ಕಂಡ ಸಂಭ್ರಮದಲ್ಲಿ ಅತ್ತ ಕಣ್ಣೇ ಹೋಗಲಿಲ್ಲ. ಥೂ ನನ್ನ.
"ಅಲ್ಲಾಡ್ದೆ ಮಲಗಿರೋಳನ್ನ ನಾನು ನೋಡಿದೀನಿ" ಎಂದಳು. "ಅವಳನ್ನೇ ನನ್ನ ಕೈಗೆ ಕೊಟ್ಟಿದ್ದು."
ಪ್ರಿಂಟನ್ನು ಮೇಜಿನ ಮೇಲೆ ಬೋರಲು ಇಟ್ಟು ಹೋದಳು.

ಏಪ್ರಿಲ್ ೬, ಸಂಜೆ
ನಾನೇ ಹೋಗಿ ತಂಗಿಯನ್ನು ಸ್ಟುಡಿಯೋಗೆ ಕರೆತಂದೆ. ಇವತ್ತು ಏನನ್ನೂ ಒರೆಸಿಲ್ಲ. ಬೆಳಕು ಮಾತ್ರ ಸ್ವಲ್ಪ ಏರಿಸಿದ್ದೇನೆ. ಯಜಮಾನರು "ಹಿಂಗೇ ತೋರಿಸ್ತೀರಾ?" ಎಂದರು. ಹೂಂ ಎಂದೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋಟೋಗಳು ಒಂದಾದ ಮೇಲೊಂದು ಸರಸರ ಬರುವಂತೆ ಕೀ ಒತ್ತುತ್ತಾ ಹೋದೆ. ಸ್ಕ್ರೀನ್ ತುಂಬಾ ಚುಕ್ಕಿ ಕುದಿಯುತ್ತಿತ್ತು. ಅದರ ನಡುವೆ ಕೈ ಎದ್ದಿತು. ಬೆರಳು ಬಿಡಿಸಿತು. ಇಳಿಯಿತು.
"ಇನ್ನೊಂದ್ಸಲ" ಎಂದಳು.
ಒತ್ತಿದೆ.
"ಇನ್ನೊಂದ್ಸಲ."
ಭಾವ ಕರೆಯಲು ಬಂದು ಬಾಗಿಲಲ್ಲೇ ನಿಂತಿದ್ದಾನೆ. ಅವಳು ಏಳುತ್ತಿಲ್ಲ. ನಾನು ಇದನ್ನು ಬರೆಯುತ್ತಿದ್ದೇನೆ, ಪಕ್ಕದಲ್ಲಿ ಅವಳೇ ಒತ್ತುತ್ತಿದ್ದಾಳೆ. ಕೈ ಏಳುತ್ತದೆ, ಬೆರಳು ಬಿಡಿಸುತ್ತದೆ, ಮತ್ತೆ —