ದೀಪದ ಎಣ್ಣಿ, ಮುನಿಯಕ್ಕನ ಉಗುರು

ಸಿಂಗಸಂದ್ರ,
ಶುಕ್ರವಾರ, 12 ಜುಲೈ 2024

ನನ್ನ ಜೀವದ ಅವ್ವಾ,

ನಿನ್ನ ಭಾಗ್ಯಾನ ಶರಣು. ಮೊಣಕಾಲ ನೋವು ಹೆಂಗೈತಿ? ಮಹಾನಂದಾ ದಿನಾ ಶಾಖ ಕೊಡಾಕತ್ತಾಳೋ, ಬರೇ ಮೊಬೈಲ್ ಹಿಡಕೊಂಡು ಕುಂತಾಳೋ? ಏ ತಂಗಿ, ಅವ್ವಗ ಓದಿ ಹೇಳೂಮುಂದ ಈ ಸಾಲು ನುಂಗಬ್ಯಾಡ ಮತ್ತ. ಅವ್ವಾ, ಫೋನಿನಾಗ ನಿನಗ ಕೇಳಂಗಿಲ್ಲ, ನಾ ಚೀರಿದ್ರ ಬಾಜೂ ರೂಮಿನವ್ರು ಗ್ವಾಡಿ ಬಡೀತಾರ. ಅದಕ್ಕ ಬರಿಯಾಕತ್ತೀನಿ.

ನಾ ಆರಾಮ ಅದೀನಿ. ಕೆಲಸಾನೂ ಉಳದೈತಿ. ಉಳದೈತಿ ಅಂತ ಯಾಕಂದೆ ಅಂದ್ರ, ಹೋದ ತಿಂಗಳ ಹೋಗೇ ಬಿಡ್ತಿತ್ತು. ನಮ್ಮ ಸಲೂನಿಗೆ ಮುನಿಯಕ್ಕ ಅಂತ ಒಬ್ಬಾಕಿ ಬರ್ತಾಳ. ಇದ ಊರಾಕಿ, ನಿನ್ನ ವಾರಗಿ. ಮೊದಲ ರಾಗಿ ಬೆಳೀತಿದ್ದ ಹೊಲದಾಗ ಈಗ ಆಕಿ ಬಾಡಿಗಿ ಮನಿ ನಿಂತಾವು. ಗಂಡ ವೆಂಕಟೇಶಪ್ಪ ತೀರಿಕೊಂಡಾನ. ಆಕಿಗೆ ಅಕ್ರಿಲಿಕ್ ಉಗುರಿನ ಹುಚ್ಚು. ಪುಡಿ, ನೀರಿನಂಥ ಔಷಧ ಕಲಿಸಿ ನಮ್ಮ ಉಗುರಿನ ಮ್ಯಾಲೆ ಉದ್ದಕ ಕುಂದ್ರಸ್ತೀವಲ್ಲ, ಅದು. "ಸಗಣಿ ಬಾಚಿ ಬಾಚಿ ಸವೆದೋದ ಕೈ ಕಣಮ್ಮಿ, ಒಂದ್ಸಲನಾದ್ರೂ ಚೆಂದಾಗಿ ಕಾಣ್ಲಿ" ಅಂತಾಳ. ಮಂದಿ ನೋಡಿ ನಕ್ಕಾರಂತ ಶಟರ್ ಎತ್ತೂದಕ್ಕ ಬರ್ತಾಳ, ದಿನದ ಬೋಣಿ ಆಕೀದ. ಆದ್ರ ಕುಂದ್ರಿಸಿದ ಉಗುರು ವಾರದಾಗ ಬುಡದಿಂದ ಎದ್ದು ಕೂದಲಕ್ಕ, ಸೀರಿಗೆ ಸಿಗತಿದ್ದೂವು. ಹೊಳ್ಳಿ ಬಂದಾಕಿ ಎಲ್ಲಾರ ಮುಂದ "ಏನು, ಮೈದಾ ಅಂಟಾಕಿ ಕೂರ್ಸಿದ್ಯಾ?" ಅಂತ ನನ್ನ ಮರ್ಯಾದಿ ಹರಾಜು ಹಾಕತಿದ್ಳು. ಒಂದಲ್ಲ, ಎರಡಲ್ಲ. ನನಗೂ ಪಿತ್ತ ನೆತ್ತಿಗೇರಿತ್ತು.

ಮಾಲಕಿ ಶಾಂತಿ ಅಕ್ಕಗ "ಆಕಿ ಮನ್ಯಾಗ ಮುದ್ದಿ ತಿರುವತಾಳ, ಪಾತ್ರಿ ತಿಕ್ಕತಾಳ, ನಾ ಏನ ಮಾಡ್ಲಿ?" ಅಂತ ಹೇಳಿಬಿಟ್ಟೆ. ಕಣ್ಣಾರೆ ನೋಡಿದ್ದಿಲ್ಲ, ಬಾಯಿಗೆ ಬಂದದ್ದು ಅಂದಿದ್ದೆ. ಆ ಮಾತು ಮುನಿಯಕ್ಕನ ಕಿವಿಗೂ ಬಿದ್ದಿತ್ತು. ಶಾಂತಿ ಅಕ್ಕ, "ಇನ್ನೊಂದ್ಸಲ ಕಂಪ್ಲೇಂಟ್ ಬಂದ್ರೆ ಉಗುರಿನ ಟೇಬಲ್ ಬೇರೆ ಹುಡ್ಗಿಗೆ ಕೊಡ್ತೀನಿ ಭಾಗ್ಯ" ಅಂದ್ಳು. ಅವ್ವಾ, ಬೊಮ್ಮನಹಳ್ಳಿ ಗಾರ್ಮೆಂಟ್ಸಿನಾಗ ಬೈಸಿಕೊಂತ, ರಜಾ ದಿನಾ ಇಲ್ಲಿ ಬಂದು ಕಲ್ತ ಕೆಲಸ ಇದು. ಮತ್ತ ಆ ಮಷೀನಿನ ಮುಂದ ಹೋಗಿ ಕುಂದ್ರೂದು ನನಗ ಬ್ಯಾಡಾಗಿತ್ತು.

ಆಮ್ಯಾಲ ಒಂದಿನ ಮುನಿಯಕ್ಕ ನನಗಿಂತ ಮೊದಲ ಬಂದು ಬಾಗಿಲದಾಗ ನಿಂತಿದ್ಳು. ಮತ್ತ ಎರಡು ಉಗುರು ಎದ್ದಿದ್ದೂವು. "ಇವತ್ತು ನೀನು ಮೊದ್ಲಿಂದ ಏನೇನು ಮಾಡ್ತೀಯೋ ನೋಡೇ ಬಿಡ್ತೀನಿ" ಅಂತ ಕುರ್ಚಿ ಎಳಕೊಂಡು ಕುಂತ್ಳು. ನಾ ದಿನದಂಗ ದೇವರ ಫೋಟೋದ ಮುಂದಿನ ದೀಪಕ್ಕ ಎಣ್ಣಿ ಹಾಕಿ, ಬತ್ತಿ ಹೊಸದು ಹಚ್ಚಿ, ಕೈ ಮುಗದು, ಬೆರಳು ಏಪ್ರನಿಗೆ ಒರಸಿಕೊಂಡು ಆಕಿ ಬೆರಳು ಹಿಡದೆ. ಗಪ್ ಅಂತ ನನ್ನ ಮುಂಗೈ ಹಿಡದ್ಳು. "ಬಟ್ಟೆಗೆ ಒರೆಸ್ಕಂಡ್ರೆ ಎಣ್ಣೆ ಹೋಯ್ತದೇನಮ್ಮಿ?"

ಅವ್ವಾ, ನೆಲ ಬಾಯಿ ಬಿಡಬಾರದ ಅನಸ್ತು. ಉಗುರಿಗೆ ಎಣ್ಣಿ ಪಸಿ ತಾಗಿದ್ರ ಅಕ್ರಿಲಿಕ್ ನಿಲ್ಲಂಗಿಲ್ಲ ಅಂತ ಮೊದಲನೇ ದಿನ ಕಲಿಸಿದ್ರು. ತಲಿಗೆ ಹಚ್ಚೂದು ಎಣ್ಣಿ, ಒಗ್ಗರಣಿಗೆ ಹಾಕೂದು ಎಣ್ಣಿ. ದೇವರ ದೀಪದ್ದು ಎಣ್ಣಿ ಅಂತ ನನಗ ಅನಸೇ ಇಲ್ಲ! ಬ್ಯಾರೆ ಗಿರಾಕಿ ಬರೂದ್ರಾಗ ಕೈ ತೊಳದಿರ್ತಿದ್ದೆ, ಬೋಣಿಯಾಕಿಗೆ ಅಷ್ಟ ಆ ಪಾಪ ತಟ್ಟತಿತ್ತು.

ಅಷ್ಟರಾಗ ಶಾಂತಿ ಅಕ್ಕ ಒಳಗ ಬಂದು, "ಮತ್ತೆ ಎದ್ದಿದಾ?" ಅಂದ್ಳು. ಮುನಿಯಕ್ಕ ನನ್ನ ಮುಂಗೈ ಬಿಡಲಿಲ್ಲ. "ನಂದೇ ತಪ್ಪು ಕಣಮ್ಮ, ಮುದ್ದೆ ತಿರುವ್ಬಿಟ್ಟೆ. ಈ ಮಗೀನ ಏನೂ ಅನ್ಬೇಡ" ಅಂದ್ಳು. ನಾ ಆಕಿ ಮ್ಯಾಲೆ ಹೊರಿಸಿದ ಸುಳ್ಳನ್ನ ಆಕೀನ ಹೊತ್ಕೊಂಡ್ಳು. ಹೋಗಿ ಸೋಪ್ ಹಚ್ಚಿ ಕೈ ತೊಳಕೊಂತ ಅತ್ತುಬಿಟ್ಟೆ. ಸಂಜಿಗೆ ಶಾಂತಿ ಅಕ್ಕಗ ಖರೇ ಹೇಳಿದೆ. "ಗೊತ್ತಾಯ್ತು ಬಿಡು, ಆ ಯಮ್ಮನಿಗೆ ಸುಳ್ಳು ಹೇಳೋಕೇ ಬರಲ್ಲ" ಅಂತ ನಕ್ಳು. ಆವತ್ತು ಹಾಕಿದ ಉಗುರು ಒಂದೂ ಎದ್ದಿಲ್ಲ. ಆಕಿ ಋಣ ಹೆಂಗ ತೀರಸ್ಲಿ ಅಂತ ಗೊತ್ತಿಲ್ಲ, ನೀನೂ ಒಂದು ಸಲ ಆಕಿ ಹೆಸರಿಲೆ ದೇವರಿಗೆ ಕೈ ಮುಗಿ.

ಮುದಕಪ್ಪ ಕಾಕಾಗ ಶರಣು ಹೇಳು. ಪಂಚಮಿಗೆ ಬರ್ತೀನಿ, ಶೇಂಗಾ ಉಂಡಿ ಕಟ್ಟಿಡು.

ನಿನ್ನ ಪ್ರೀತಿಯ ಮಗಳು,
ಭಾಗ್ಯಶ್ರೀ

ತಾ.ಕ.: ಲಕೋಟಿ ಅಂಟಿಸೂಮುಂದ ಮತ್ತ ತಗದೀನಿ. ಇವತ್ತ ಮುನಿಯಕ್ಕನ ಉಗುರು ಮುಗಿಸಿ, "ದೀಪ ನೀವ ಹಚ್ರಿ" ಅಂದೆ. "ಅವ್ರು ಹೋದ್ಮೇಲೆ ನಾನು ದೀಪ ಮುಟ್ಟಿಲ್ಲ ಕಣಮ್ಮಿ, ಮುಟ್ಬಾರ್ದು" ಅಂದ್ಳು. ನೀನೂ ಅಪ್ಪ ಹೋದಂದಿನಿಂದ ಎಣ್ಣಿ ಬತ್ತಿ ನನ್ನ ಕೈಯಾಗ ಕೊಟ್ಟು ದೂರ ಸರದು ನಿಂದರ್ತೀಯಲ್ಲ, ಅದು ಕಣ್ಣಮುಂದ ಬಂತು. ನಾ ಬಿಡಲಿಲ್ಲ. ಕಡ್ಡಿಪೆಟ್ಟಿಗಿ ಆಕಿ ಕೈಯಾಗ ಇಟ್ಟೆ, ಆಕಿ ಕಡ್ಡಿ ಗೀರಿದ್ಳು, ದೀಪ ಹತ್ತಿತು. ಪಂಚಮಿಗೆ ನಮ್ಮ ಮನಿ ದೀಪ ನೀನ ಹಚ್ಚಬೇಕವ್ವಾ. ನಾ ಮುಟ್ಟಂಗಿಲ್ಲ, ನನ್ನ ಕೈಗೆ ಎಣ್ಣಿ ಆಗ್ತೈತಿ.