ಚಂದ್ರಗ ಮಾಲಕರಿಲ್ಲ

೨೯ ಜನವರಿ ೧೯೬೭, ರವಿವಾರ

ಬಾಹ್ಯಾಕಾಶದ ಒಪ್ಪಂದ ಅಂದರ ಏನು ಅಂತ ನಾಳೆ ಸಾಲ್ಯಾಗ ಹುಡುಗ್ಯಾರಿಗೆ ತಿಳಿಸಿ ಹೇಳ್ರಿ ಅಂದಾರ ಹೆಡ್‌ಮಿಸ್ಟ್ರೆಸ್ ಬಾಯಾರು. ಎಷ್ಟು ಬರದರೂ ಸರಕಾರಿ ಕಾಗದದಂಗ ಆಗಾಕತ್ತಿತ್ತು. ಕಡೀಕ ಪೇಪರ್ ಹಿಡಕೊಂಡು, ಜ್ವಾಳ ಹಸನ ಮಾಡಾಕತ್ತಿದ್ದ ಅವ್ವನ ಮುಂದ ಕುಂತೆ.

“ಅಮೇರಿಕಾ, ರಷ್ಯಾ ಎರಡೂ ಸಹಿ ಹಾಕ್ಯಾವಬೇ. ಚಂದ್ರನ ಮ್ಯಾಲ ಯಾರು ಬೇಕಾದರೂ ಹೋಗಬಹುದು. ಆದರ ಇದು ನಂದು ಅಂತ ಯಾರೂ ಅನ್ನಂಗಿಲ್ಲ.”

ಅವ್ವ ಜ್ವಾಳದ ಮೊರ ಕೆಳಗಿಟ್ಟಳು. “ಹಂಗಾರ ಅಲ್ಲಿ ಬಾವಿ ಇದ್ದರ, ದೂರ ನಿಂದ್ರು ಅಂತ ಯಾರೂ ಅನ್ನಂಗಿಲ್ಲ?”

ಸಣ್ಣಾಕಿದ್ದಾಗ ಉಪ್ಪಿನಬೆಟಗೇರ್ಯಾಗ, ಮ್ಯಾಲಿನ ಜಾತ್ಯಾವರು ಯಾರರೆ ನೀರು ಸುರುವೂತನಕ ಖಾಲಿ ಕೊಡ ಹಿಡಕೊಂಡು ಬಾವಿಯಿಂದ ದೂರ ನಿಂತಾಕಿ ಆಕಿ.

“ಅನ್ನಂಗಿಲ್ಲಬೇ. ಬರವಣಿಗ್ಯಾಗ ಐತಿ.”

“ಹಂಗಾರ ಮೊದಲನೇ ಕೊಡ ನಂದ!” ಅಂತ ನಕ್ಕಳು ನೋಡು, ನಾನೂ ಕಣ್ಣಾಗ ನೀರು ಬರೂವಂಗ ನಕ್ಕೆ.

ಬರದದ್ದೆಲ್ಲಾ ಹರದು ಹಾಕೇನಿ. ನಾಳೆ ಅವ್ವನ ಪ್ರಶ್ನೆಯಿಂದನ ಸುರು ಮಾಡತೇನಿ. ಈಗ ಚಂದ್ರ ಮೂಡ್ಯಾನ. ಆಕಿ ಅಂಗಳದಾಗ ನಿಂತು, ಬಾಜೂಮನಿ ಸಾವಂತ್ರೆವ್ವನ್ನ ಕರದು ಮ್ಯಾಲ ತೋರಿಸಿ, “ಲಗೂ ಬಾರಬೇ, ನೀರಿಗೆ ಪಾಳಿ ಹಚ್ಚೂಣು” ಅನ್ನಾಕತ್ತಾಳ.